ತವರಿನ ಪಹಣಿಯಲ್ಲಿ ಹೆಣ್ಣುಮಕ್ಕಳ ಹೆಸರು ಸೇರಿಸುವುದು ಹೇಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕೊಯ್ಲಿನ ಕಾಲದಲ್ಲಿ ರಾತ್ರಿ ಬಹಳ ಹೊತ್ತು ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರಲ್ಲಿ ಹೆಂಗಸರೇ ಹೆಚ್ಚು. ಅದೇ ತೋಟದ ಪಹಣಿಯಲ್ಲಿ (ಜಮೀನಿನ ಕಂದಾಯ ದಾಖಲೆ) ಮಾಲೀಕರ ಹೆಸರಿರುವ ಕಾಲಂ 9ರಲ್ಲಿ ಮಾತ್ರ ಅವರ ಹೆಸರು ಅಪರೂಪ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿದೆ. ಆ ದಿನ ತಂದೆ ಬದುಕಿರಬೇಕೆಂಬ ಷರತ್ತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪಿತ್ತಿದೆ. ಆದರೂ 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರಲ್ಲಿ ಮಹಿಳೆಯರು ಶೇ. 14ರಷ್ಟು ಮಾತ್ರ ಇದ್ದರು. ಕಾನೂನು ಕೊಟ್ಟ ಹಕ್ಕು ಕೈತಪ್ಪುವುದು ಹೆಚ್ಚಾಗಿ ಪವತಿ ಖಾತೆಯ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ ಹಂತದಲ್ಲಿ.

ನಮ್ಮೂರಿನ ಒಬ್ಬ ಅಕ್ಕ, ತಂದೆಯ ವೈಕುಂಠ ಸಮಾರಾಧನೆಯ ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ, ಅಣ್ಣ ಜಗಲಿಯಲ್ಲಿ ಮುಂದಿಟ್ಟ ಛಾಪಾ ಕಾಗದಕ್ಕೆ ಓದದೆಯೇ ಸಹಿ ಹಾಕಿದರು. ಬೇಡವೆಂದರೆ ತವರಿನ ದಾರಿ ಮುಚ್ಚೀತೆಂಬ ಭಯ ಅವರದು. ಆದ್ದರಿಂದ ಮೊದಲ ಮಾತು ಇದು: ಸೂತಕದ ಮನೆಯಲ್ಲಿ ಯಾವ ಕಾಗದಕ್ಕೂ ಸಹಿ ಮಾಡಬೇಡಿ, ಮನೆಗೆ ಒಯ್ದು ಓದಿ. ಈಗಾಗಲೇ ಸಹಿ ಹಾಕಿದ್ದರೂ ಧೈರ್ಯಗೆಡಬೇಕಿಲ್ಲ. ಪಾಲು ಬಿಟ್ಟುಕೊಟ್ಟೆನೆಂದು ಬರೆಸಿಕೊಳ್ಳುವ ಹಕ್ಕು ಬಿಡುಗಡೆ ಪತ್ರವು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗದ ಹೊರತು ಸ್ಥಿರಾಸ್ತಿಯ ಹಕ್ಕನ್ನು ಕಳೆಯಲಾರದು.

ಎರಡನೆಯದು ವಂಶವೃಕ್ಷ, ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇಲ್ಲಿಯೇ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ನಂತರ ಗ್ರಾಮ ಆಡಳಿತಾಧಿಕಾರಿಗಳು ಸ್ಥಳ ವಿಚಾರಣೆ ಮಾಡುವಾಗ, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ಗಂಡುಮಕ್ಕಳನ್ನಷ್ಟೇ ಬರೆಸುವ ರೂಢಿ ಉಂಟು. ಮದುವೆಯಿಂದ ಪಾಲು ಹೋಗುವುದಿಲ್ಲ. ತಾಯಿ, ಎಲ್ಲ ಹೆಣ್ಣುಮಕ್ಕಳು, ತೀರಿಕೊಂಡ ಅಕ್ಕತಂಗಿಯರಿದ್ದರೆ ಅವರ ಮಕ್ಕಳು, ಎಲ್ಲರ ಹೆಸರೂ ಅದರಲ್ಲಿದೆಯೇ ಎಂದು ನೀವೇ ಹೋಗಿ ನೋಡಿ. ಅನಂತರ ಮರಣ ಪ್ರಮಾಣಪತ್ರ, ಪಹಣಿ, ವಾರಸುದಾರರ ಆಧಾರ್ ಪ್ರತಿಗಳೊಂದಿಗೆ ಪವತಿ ಖಾತೆಗೆ ಅರ್ಜಿ ಸಲ್ಲಿಸಬೇಕು.

ಅಣ್ಣತಮ್ಮಂದಿರು ತಮ್ಮ ಹೆಸರಿಗಷ್ಟೇ ಅರ್ಜಿ ಹಾಕಿದ್ದರೆ, ಖಾತೆ ಬದಲಾವಣೆಯ ನೋಟಿಸಿನಲ್ಲಿ ಹೇಳಿದ ಅವಧಿಯೊಳಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ತಕರಾರು ಕಡತಕ್ಕೆ ಸೇರುವುದಿಲ್ಲ. ಆದೇಶ ವಿರುದ್ಧವಾದರೆ ಉಪವಿಭಾಗಾಧಿಕಾರಿಗಳಲ್ಲಿ ಮೇಲ್ಮನವಿಗೆ ಅವಕಾಶವಿದೆ. ಹೊಸನಗರ, ಸೊರಬ, ಶಿಕಾರಿಪುರದವರು ಸಾಗರಕ್ಕೆ, ತೀರ್ಥಹಳ್ಳಿ, ಭದ್ರಾವತಿಯವರು ಶಿವಮೊಗ್ಗಕ್ಕೆ ಹೋಗಬೇಕು. ಖಾತೆ ಕಂದಾಯದ ದಾಖಲೆಯಷ್ಟೇ ಆದ್ದರಿಂದ, ಪಾಲಿನ ಹಕ್ಕೇ ವಿವಾದದಲ್ಲಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಪಾಲು ದಾವೆ ಹೂಡಬೇಕಾಗುತ್ತದೆ.

ಕೆಲವು ಮಿತಿಗಳನ್ನೂ ತಿಳಿದಿರಬೇಕು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾನೂನುಬದ್ಧವಾಗಿ ಆದ ಪಾಲುಪಟ್ಟಿಯನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ತಂದೆ ಸ್ವಯಾರ್ಜಿತ ಜಮೀನನ್ನು ಯಾರಿಗೆ ಬೇಕಾದರೂ ಮರಣಶಾಸನ ಬರೆಯಬಹುದು. ಬರೆಯದೆ ತೀರಿಕೊಂಡರೆ ಹೆಂಡತಿ, ಮಗ, ಮಗಳು, ತಾಯಿ ಸಮಾನ ವಾರಸುದಾರರು. ಮುಸ್ಲಿಮರಿಗೂ ಕ್ರೈಸ್ತರಿಗೂ ಬೇರೆ ನಿಯಮಗಳಿವೆ.

ವಕೀಲರ ಶುಲ್ಕಕ್ಕೆ ಹೆದರಿ ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ, ಆದಾಯ ಎಷ್ಟೇ ಇದ್ದರೂ ಮಹಿಳೆ ಉಚಿತ ಕಾನೂನು ನೆರವಿಗೆ ಅರ್ಹಳು. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವೆಗಳ ಸಮಿತಿಯಲ್ಲಿ ಅರ್ಜಿ ಕೊಟ್ಟರೆ ಸಾಕು. ಖಾತೆ ಬದಲಾದ ಮೇಲೆ ಹೊಸ ಪಹಣಿ ತೆಗೆಸಿ, ಸರ್ವೆ ನಂಬರನ್ನೂ ಹೆಸರಿನ ಕಾಗುಣಿತವನ್ನೂ ಆಧಾರಿನೊಂದಿಗೆ ಹೋಲಿಸಿ ನೋಡಿ. ಬೆಳೆಸಾಲಕ್ಕೆ ಸೊಸೈಟಿಯವರು ಕೇಳುವುದು ಆ ಹಾಳೆಯನ್ನೇ.