ಹಾರ್ಮೋನಿಕ್ ಮಿಕ್ಸಿಂಗ್: ಕೀ ಪತ್ತೆಹಚ್ಚುವ ಸಾಫ್ಟ್‌ವೇರ್ ಆರಿಸುವುದು ಹೇಗೆ?

ಹಾಡಿನ ಆಧಾರ ಸ್ವರ ಯಾವುದು, ಅದರ ಸ್ವರಶ್ರೇಣಿ ಮೇಜರೋ ಮೈನರೋ ಎಂಬುದೇ ಅದರ ಕೀ. ಕೀಗಳು ಹೊಂದುವ ಹಾಡುಗಳನ್ನು ಒಂದರೊಳಗೊಂದು ಬೆರೆಸುವುದು ಹಾರ್ಮೋನಿಕ್ ಮಿಕ್ಸಿಂಗ್. ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ಕೊಳ್ಳುವ ಮೊದಲು ನಿಮ್ಮ ಬಳಿ ಈಗಾಗಲೇ ಏನಿದೆ ನೋಡಿಕೊಳ್ಳಿ. ಸೆರಾಟೊ ಡಿಜೆ, ರೆಕಾರ್ಡ್‌ಬಾಕ್ಸ್, ಟ್ರಾಕ್ಟರ್, ವರ್ಚುವಲ್ ಡಿಜೆ, ಈ ಡಿಜೆ ಸಾಫ್ಟ್‌ವೇರ್‌ಗಳೆಲ್ಲವೂ ಟ್ರ್ಯಾಕಿನ ಕೀ ಕಂಡುಹಿಡಿಯುತ್ತವೆ. ಹೆಸರಿನ ಕೊನೆಗೆ ಮೂರು ಎಕ್ಸ್ ಇರುವ 'ಮಿಕ್ಸ್' ಪೂರ್ತಿ ಉಚಿತ, ಅದರಲ್ಲೂ ಈ ಸೌಲಭ್ಯವಿದೆ. ಮಿಕ್ಸ್ಡ್ ಇನ್ ಕೀಯಂಥ ಪ್ರತ್ಯೇಕ ಸಾಫ್ಟ್‌ವೇರ್ ಬೇಕೇ ಎಂಬುದನ್ನು ಜಾಹೀರಾತು ಹೇಳುವ ನಿಖರತೆಯ ಶೇಕಡಾವಾರು ಹೇಳಲಾರದು. ನಿಮ್ಮದೇ ಹಾಡುಗಳ ಮೇಲೆ ಮಾಡಿದ ಪರೀಕ್ಷೆ ಹೇಳುತ್ತದೆ. ಸ್ಟ್ರೀಮಿಂಗ್‌ನಿಂದ ನುಡಿಸುವವರಿಗಂತೂ ಆಯ್ಕೆಯೇ ಕಡಿಮೆ. ಕೈಯಲ್ಲಿ ಫೈಲ್ ಇಲ್ಲದಿದ್ದರೆ ಹೊರಗಿನ ಸಾಫ್ಟ್‌ವೇರ್ ಅದನ್ನು ಓದಲಾರದು, ಟ್ಯಾಗ್ (ಫೈಲಿನೊಳಗೇ ಬರೆದಿಡುವ ಮಾಹಿತಿ) ಬರೆಯಲೂ ಆಗದು.

ಒಳಗೆ ನಡೆಯುವ ಕೆಲಸ ಬಹುತೇಕ ಎಲ್ಲದರಲ್ಲೂ ಒಂದೇ ಬಗೆಯದು. ಹಾಡಿನ ಆವರ್ತನಗಳನ್ನು ಬಿಡಿಸಿ, ಆಕ್ಟೇವ್‌ಗಳನ್ನೆಲ್ಲ ಒಂದರ ಮೇಲೊಂದು ಮಡಿಸಿ, ಹನ್ನೆರಡು ಸ್ವರಗಳಲ್ಲಿ ಯಾವುದಕ್ಕೆ ಎಷ್ಟು ಬಲ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು 12 ಮೇಜರ್, 12 ಮೈನರ್ ಮಾದರಿಗಳಿಗೆ ಹೋಲಿಸಿ ಹತ್ತಿರದ್ದನ್ನು ಆರಿಸುತ್ತದೆ. ತಪ್ಪುಗಳು ಹುಟ್ಟುವುದೂ ಇಲ್ಲಿಂದಲೇ. ಬರೀ ತಾಳವಾದ್ಯದ ಟ್ರ್ಯಾಕ್ ಕೊಟ್ಟರೂ ಏನಾದರೊಂದು ಕೀ ಬರುತ್ತದೆ. ಎಷ್ಟೋ ಸಲ ಅದು ಉದ್ದನೆಯ ಕಿಕ್ ಡ್ರಮ್ಮಿನ ಸ್ವರವಷ್ಟೆ. ನಡುವೆ ಕೀ ಬದಲಾಗುವ ಹಾಡಿಗೆ ಒಂದೇ ಉತ್ತರ ಬಂದರೆ ಅದು ಅರ್ಧ ಹಾಡಿಗೆ ಮಾತ್ರ ನಿಜ. ಹಳೆಯ ವಿನೈಲ್ ಅಥವಾ ಟೇಪಿನಿಂದ ತೆಗೆದ ಹಾಡುಗಳಲ್ಲಿ ವೇಗ ಚೂರು ಹೆಚ್ಚುಕಡಿಮೆಯಾಗಿ, ಶ್ರುತಿ ಎಂದಿನ 440 ಹರ್ಟ್ಸ್‌ನ (ಎ ಸ್ವರದ ಆವರ್ತನ) ಲೆಕ್ಕಕ್ಕೆ ಕೂರುವುದಿಲ್ಲ. ಮೊದಲು ಹಾಡಿನ ಶ್ರುತಿಯನ್ನು ಅಂದಾಜಿಸಿ ಆಮೇಲೆ ಸ್ವರ ಎಣಿಸುವ ಸಾಫ್ಟ್‌ವೇರ್ ಇಂಥಲ್ಲಿ ಗೆಲ್ಲುತ್ತದೆ, ಉಳಿದವು ಪಕ್ಕದ ಸೆಮಿಟೋನಿಗೆ, ಅಂದರೆ ಹನ್ನೆರಡರಲ್ಲಿ ಪಕ್ಕದ ಸ್ವರಕ್ಕೆ, ಜಾರುತ್ತವೆ.

ಎಷ್ಟು ತಪ್ಪು ಎಂಬುದಕ್ಕಿಂತ ಎಂಥ ತಪ್ಪು ಎಂಬುದೇ ಡಿಜೆಗೆ ಮುಖ್ಯ. ಕ್ಯಾಮೆಲಾಟ್ ಚಕ್ರವೆಂದರೆ 24 ಕೀಗಳಿಗೆ ಗಡಿಯಾರದಂತೆ 1ರಿಂದ 12ರ ಅಂಕಿ ಕೊಡುವ ಪದ್ಧತಿ; ಮೈನರ್‌ಗೆ ಎ ಅಕ್ಷರ, ಮೇಜರ್‌ಗೆ ಬಿ. ಅದರಲ್ಲಿ ಎ ಮೈನರ್ 8ಎ, ಅದರ ಜೋಡಿ ಸಿ ಮೇಜರ್ 8ಬಿ. ಅದೇ ಅಂಕಿ, ಒಂದು ಹೆಚ್ಚು, ಒಂದು ಕಡಿಮೆ, ಇಲ್ಲವೇ ಅದೇ ಅಂಕಿಯ ಇನ್ನೊಂದು ಅಕ್ಷರ: ಸಲೀಸಾಗಿ ಬೆರೆಯುವ ಕೀಗಳು ಇವು. 8ಎ ಹಾಡನ್ನು ಸಾಫ್ಟ್‌ವೇರ್ 8ಬಿ ಎಂದರೆ ಹೆಚ್ಚು ಹಾನಿಯಿಲ್ಲ, ಎರಡರಲ್ಲೂ ಅದೇ ಏಳು ಸ್ವರಗಳಿವೆ. 9ಎ ಎಂದರೆ ಒಂದು ಸ್ವರ ಮಾತ್ರ ಬೇರೆ. ಆದರೆ ಈ ಸಣ್ಣ ತಪ್ಪುಗಳು ಕೂಡಿಕೊಂಡರೆ ಕಷ್ಟ. ನಿಜವಾಗಿ 8ಎ ಆದ ಹಾಡಿಗೆ 9ಎ ಎಂದೂ, 11ಎ ಆದದ್ದಕ್ಕೆ 10ಎ ಎಂದೂ ಬಂದರೆ ಪರದೆಯ ಮೇಲೆ ಅವು ನೆರೆಹೊರೆ, ಕಿವಿಗೆ ಮೂರು ಹೆಜ್ಜೆ ದೂರ. ಎ ಮೈನರನ್ನು ಎ ಮೇಜರ್, ಅಂದರೆ 11ಬಿ ಎಂದು ಹೇಳುವ ತಪ್ಪು ಇನ್ನೂ ಕೆಟ್ಟದ್ದು: ಆಧಾರ ಸ್ವರ ಸರಿಯಿದ್ದರೂ ಮೂರು ಸ್ವರ ಬೇರೆ. ಎಲ್ಲಕ್ಕಿಂತ ಕೆಟ್ಟದ್ದು ಸೆಮಿಟೋನ್ ತಪ್ಪು. 8ಎ ಹೋಗಿ 3ಎ ಆಗುತ್ತದೆ, ಎರಡು ಬೇಸ್‌ಲೈನ್ ಕೂಡಿದ ಕೂಡಲೇ ಕರ್ಕಶ.

ಪರೀಕ್ಷೆ ಹೀಗೆ ಮಾಡಿ. ನೀವು ನಿಜವಾಗಿಯೂ ನುಡಿಸುವ ಹಾಡುಗಳಿಂದ 40 ಆರಿಸಿ: ಬೇಸ್ ಸ್ಪಷ್ಟವಿರುವ 10, ಗಾಯನ ಮುಂದಿರುವ 10, ತಾಳವೇ ಹೆಚ್ಚಿರುವ 10, ಹಳೆಯ ಧ್ವನಿಮುದ್ರಣದ 10. ಅವುಗಳ ನಕಲನ್ನು ಬೇರೆ ಫೋಲ್ಡರ್‌ಗೆ ಹಾಕಿ, ಅಲ್ಲೇ ಕೆಲಸ ಮಾಡಿ. ಮೂಲ ಫೈಲಿನ ಮೇಲೆ ಓಡಿಸಿದರೆ ಹಳೆಯ ಟ್ಯಾಗ್ ಅಳಿಸಿಹೋಗಬಹುದು. ನಕಲುಗಳಲ್ಲಿರುವ ಕೀ ಟ್ಯಾಗನ್ನೂ ಮೊದಲೇ ತೆಗೆಯಿರಿ. ಇಲ್ಲದಿದ್ದರೆ ಸಾಫ್ಟ್‌ವೇರ್ ತಾನು ಕಂಡುಹಿಡಿದದ್ದನ್ನು ತೋರಿಸುತ್ತಿದೆಯೋ, ಹಾಡು ಮಾರಿದ ಅಂಗಡಿಯವರು ಬರೆದದ್ದನ್ನು ತೋರಿಸುತ್ತಿದೆಯೋ ತಿಳಿಯುವುದಿಲ್ಲ.

ಈಗ ಸಂಗೀತದ ಕೀಬೋರ್ಡ್ ಮುಂದೆ ಕುಳಿತು ನೀವೇ ಕೀ ಗುರುತಿಸಿ. ಸಾಫ್ಟ್‌ವೇರ್‌ನ ಉತ್ತರವನ್ನು ಇದಕ್ಕಿಂತ ಮೊದಲು ನೋಡಲೇಬೇಡಿ. ನೋಡಿದ ಮೇಲೆ ಕಿವಿ ಅದನ್ನೇ ಒಪ್ಪಿಕೊಳ್ಳುತ್ತದೆ. ಬೇಸ್ ಬಂದು ನಿಲ್ಲುವ ಸ್ವರ ಹುಡುಕಿ. ಅದನ್ನೂ ಅದರಿಂದ ಏಳು ಸೆಮಿಟೋನ್ ಮೇಲಿನದನ್ನೂ ಒತ್ತಿ ಹಿಡಿದು ಹಾಡು ಕೇಳಿ, ಎಲ್ಲೂ ಕಿರಿಕಿರಿ ಆಗದಿದ್ದರೆ ಆಧಾರ ಸಿಕ್ಕಿತು. ಆಮೇಲೆ ಮೂರು ಸೆಮಿಟೋನ್ ಮೇಲಿನ ಸ್ವರ ಹೊಂದಿದರೆ ಮೈನರ್, ನಾಲ್ಕನೆಯದು ಹೊಂದಿದರೆ ಮೇಜರ್. ಎಷ್ಟು ಹುಡುಕಿದರೂ ಆಧಾರ ಸಿಗದ ಹಾಡಿಗೆ 'ಕೀ ಇಲ್ಲ' ಎಂದು ಬರೆಯಿರಿ, ಅದೂ ಸರಿಯಾದ ಉತ್ತರವೇ.

ಅಂಕ ಕೊಡಲು ಮೈರೆಕ್ಸ್ ಎಂಬ ಸಂಶೋಧನಾ ಸ್ಪರ್ಧೆಯ ಪದ್ಧತಿಯಿದೆ: ಪೂರ್ತಿ ಸರಿಗೆ 1, ಐದನೆಯ ಸ್ವರದ (8ಎ ಬದಲು 9ಎ ಬಗೆಯ) ತಪ್ಪಿಗೆ 0.5, ಜೋಡಿ ಮೇಜರ್-ಮೈನರ್ ತಪ್ಪಿಗೆ 0.3, ಒಂದೇ ಆಧಾರದ ಮೇಜರ್-ಮೈನರ್ ತಪ್ಪಿಗೆ 0.2. ಡಿಜೆಯ ಕೆಲಸಕ್ಕೆ ಇದನ್ನು ತಿದ್ದಿಕೊಳ್ಳುವುದು ಒಳ್ಳೆಯದು. 8ಎ-8ಬಿ ತಪ್ಪಿಗೂ 0.5 ಕೊಡಿ, 11ಬಿ ಬಗೆಯ ತಪ್ಪಿಗೆ ಸೊನ್ನೆ. ಎರಡು ಸಾಫ್ಟ್‌ವೇರ್‌ಗಳ ನಡುವೆ ಅಂತರ 40ಕ್ಕೆ ಎರಡು ಅಂಕಕ್ಕಿಂತ ಕಡಿಮೆಯಿದ್ದರೆ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ನಿಮ್ಮ ಡೆಕ್‌ಗೆ ಸಲೀಸಾಗಿ ಹೊಂದುವುದನ್ನು ಇಟ್ಟುಕೊಳ್ಳಿ.

ಹೊಂದುವುದು ಎಂದರೆ ಮುಖ್ಯವಾಗಿ ಟ್ಯಾಗ್. ಎಂಪಿ3ಯಲ್ಲಿ ಕೀಗೆಂದೇ ಟಿಕೆಇವೈ ಎಂಬ ಜಾಗವಿದೆ, ನಿಯಮದ ಪ್ರಕಾರ ಮೂರೇ ಅಕ್ಷರ. 12ಎ ಹಿಡಿಯುತ್ತದೆ, ಉದ್ದನೆಯ ವಿವರಣೆ ಹಿಡಿಯುವುದಿಲ್ಲ. ಕಾಮೆಂಟ್ ಜಾಗದಲ್ಲೂ ಬರೆಯಲು ಬಿಡುವ ಸಾಫ್ಟ್‌ವೇರ್ ಆದರೆ ಅನುಕೂಲ, ಎಲ್ಲೋ ಒಂದು ಕಡೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ವೇವ್ ಫೈಲುಗಳಲ್ಲಿ ಟ್ಯಾಗ್ ನೆಚ್ಚಿಕೊಳ್ಳಬೇಡಿ. ಗುಣಮಟ್ಟ ಬೇಕಾದರೆ ಎಐಎಫ್ಎಫ್ ಅಥವಾ ಫ್ಲ್ಯಾಕ್‌ಗೆ ಬದಲಿಸಿ. ಹೊರಗಿನ ಸಾಫ್ಟ್‌ವೇರ್‌ನಿಂದ ಬರೆಸಿದ ಮೇಲೆ ಡಿಜೆ ಸಾಫ್ಟ್‌ವೇರ್‌ನ ವಿಶ್ಲೇಷಣೆಯಲ್ಲಿ ಕೀ ಆಯ್ಕೆಯನ್ನು ಆಫ್ ಮಾಡಿ. ರೆಕಾರ್ಡ್‌ಬಾಕ್ಸ್‌ನ ವಿಶ್ಲೇಷಣೆ ಸೆಟ್ಟಿಂಗ್‌ನಲ್ಲಿ ಕೀಗೆ ಬೇರೆಯೇ ಟಿಕ್ ಗುರುತಿದೆ, ಅದನ್ನು ತೆಗೆಯದಿದ್ದರೆ ಅದು ತನ್ನ ಉತ್ತರವನ್ನೇ ಮೇಲೆ ಬರೆಯುತ್ತದೆ. ಟ್ರಾಕ್ಟರ್‌ನಲ್ಲಿ 'ಕೀ' ಕಾಲಮ್ ಅದು ತಾನೇ ಕಂಡದ್ದು, 'ಕೀ ಟೆಕ್ಸ್ಟ್' ಕಾಲಮ್ ಫೈಲಿನಲ್ಲಿರುವುದು.

ಟ್ರಾಕ್ಟರ್ ಬಳಸುವ ಓಪನ್ ಕೀ ಪದ್ಧತಿಯಲ್ಲಿ ಅಂಕಿಗಳು ಬೇರೆ. ಅಲ್ಲಿ ಎ ಮೈನರ್ ಎಂದರೆ 1ಎಂ, ಸಿ ಮೇಜರ್ ಎಂದರೆ 1ಡಿ. ಓಪನ್ ಕೀಯ 8ಎಂ ಕ್ಯಾಮೆಲಾಟ್‌ನಲ್ಲಿ 3ಎ. ಓಪನ್ ಕೀ ಅಂಕಿಗೆ 7 ಕೂಡಿಸಿ, 12 ದಾಟಿದರೆ 12 ಕಳೆದರೆ ಕ್ಯಾಮೆಲಾಟ್ ಸಿಗುತ್ತದೆ. ಸಂಗ್ರಹದ ಅರ್ಧ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ ಇದ್ದರೆ ಗೊಂದಲ ಖಚಿತ, ಒಂದನ್ನೇ ಆರಿಸಿ.

ಇಷ್ಟೆಲ್ಲ ಸರಿಯಿದ್ದೂ ಮಿಕ್ಸ್ ಅಪಸ್ವರವಾದರೆ ಕೀ ಲಾಕ್, ಅಂದರೆ ವೇಗ ಬದಲಿಸಿದರೂ ಶ್ರುತಿ ಬದಲಾಗದಂತೆ ಹಿಡಿಯುವ ಸೌಲಭ್ಯ, ಆನ್ ಇದೆಯೇ ನೋಡಿ. ಸಾಫ್ಟ್‌ವೇರ್ ಹೇಳುವ ಕೀ ಹಾಡಿನ ಮೂಲ ವೇಗದ್ದು. ಲಾಕ್ ಇಲ್ಲದೆ ವೇಗವನ್ನು ಸುಮಾರು ಶೇ. 6 ಏರಿಸಿದರೆ ಹಾಡು ಒಂದು ಸೆಮಿಟೋನ್ ಮೇಲೇರುತ್ತದೆ. 122 ಬಿಪಿಎಂ (ನಿಮಿಷಕ್ಕೆ 122 ಬಡಿತ) ಹಾಡನ್ನು 126ಕ್ಕೆ ತಂದರೆ ಅರ್ಧ ಸೆಮಿಟೋನಿಗಿಂತ ಚೂರು ಹೆಚ್ಚು ಏರಿ, ಎರಡು ಕೀಗಳ ನಡುವೆ ನಿಂತುಬಿಡುತ್ತದೆ. ಆಗ ಚಕ್ರದ ಯಾವ ಅಂಕಿಯೂ ಅದಕ್ಕೆ ಹೊಂದುವುದಿಲ್ಲ. ಲಾಕ್ ಹಾಕಿದರೆ ಕೀ ಉಳಿಯುತ್ತದೆ, ಆದರೆ ವೇಗ ತೀರಾ ಬದಲಿಸಿದರೆ ಗಾಯನ ಮತ್ತು ಕಿಕ್ ಡ್ರಮ್ಮಿನ ಹೊಡೆತ ಕೆಡುತ್ತದೆ. ಹಾಗಾಗಿ ಜೋಡಿ ಹುಡುಕುವಾಗ ಮೊದಲು ವೇಗದಲ್ಲಿ ಶೇ. 4ರೊಳಗಿನ ಹಾಡುಗಳನ್ನು ಜರಡಿ ಹಿಡಿದು, ಆಮೇಲೆ ಕೀ ನೋಡಿ.