ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು

1993ರ ಮೇ 23ರಿಂದ 28ರವರೆಗೆ ಕಾಂಬೋಡಿಯಾದಲ್ಲಿ ನಡೆದ ಚುನಾವಣೆಗೆ ನಾನು ವಿಶ್ವಸಂಸ್ಥೆಯ ಸ್ವಯಂಸೇವಕನಾಗಿ ಹೋಗಿದ್ದೆ. ಕಾಂಪೊಂಗ್ ಚಾಮ್ ಪ್ರಾಂತ್ಯದ ಒಂದು ಜಿಲ್ಲೆಯ ಚುನಾವಣಾ ಮೇಲ್ವಿಚಾರಣೆ ನನ್ನದು. ಹೀಗೆ ಬೇರೆ ಬೇರೆ ದೇಶಗಳಿಂದ ಬಂದವರು ನಾನೂರಕ್ಕೂ ಹೆಚ್ಚು ಜನ ಇದ್ದೆವು. ಎಣಿಕೆ ಮುಗಿಯುತ್ತಿದ್ದಂತೆ ನನಗೆ ಮಲೇರಿಯಾ ಹಿಡಿಯಿತು. ಮೈಮೇಲೆ ಎಚ್ಚರವಿಲ್ಲದವನನ್ನು ಹೆಲಿಕಾಪ್ಟರಿಗೆ ಹಾಕಿ ಕಳಿಸಿದರು. ಯಾರಿಗೂ ಹೋಗಿಬರುತ್ತೇನೆ ಅನ್ನಲಿಲ್ಲ, ಊರಿಗೆ ಬಂದ ಮೇಲೆ ಒಂದು ಕಾಗದವನ್ನೂ ಹಾಕಲಿಲ್ಲ.

ಮೂವತ್ತು ವರ್ಷ ತುಂಬುತ್ತ ಬಂದಾಗ, ತೀರಿಕೊಂಡ ಸಂಗಾತಿಗಳನ್ನು ನೆನೆಯಲು ಅಲ್ಲಿನ ರಾಜಧಾನಿ ನಾಮ್‌ಪೆನ್‌ನಲ್ಲೇ ಒಮ್ಮೆ ಸೇರೋಣ ಎಂಬ ಮಾತು ಹುಟ್ಟಿತು. ಹಳೆಯ ಡೈರಿ ಇಟ್ಟುಕೊಂಡವನು ನಾನೊಬ್ಬನೇ ಆದ್ದರಿಂದ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಂತು. ಹೋಟೆಲು, ಟಿಕೆಟ್ಟು, ವೀಸಾ ಎಲ್ಲ ಎರಡು ವಾರದಲ್ಲಿ ಮುಗಿದವು. ಪಟ್ಟಿಗೆ ಹಿಡಿದದ್ದು ಏಳು ತಿಂಗಳು.

ಮೊದಲ ಕರಡಿನಲ್ಲಿ ಐದು ಹೆಸರು ಬರೆದು ಎಲ್ಲರಿಗೂ ಕಳಿಸಿದೆ. ಮೇಲೆ ಅತ್ಸುಹಿತೊ ನಕಾತಾ. ಜಪಾನಿನ ಹುಡುಗ, 25 ವರ್ಷ. ಚುನಾವಣೆಗೆ ಆರು ವಾರ ಇದ್ದಾಗ, ಏಪ್ರಿಲ್ 8ರಂದು, ಕಾಂಪೊಂಗ್ ಥಾಮ್ ಪ್ರಾಂತ್ಯದಲ್ಲಿ ಗುಂಡೇಟಿಗೆ ಬಲಿಯಾದ. ಆ ಸುದ್ದಿ ಬಂದ ರಾತ್ರಿ ನಮ್ಮ ಜಿಲ್ಲೆಯಲ್ಲಿ ಯಾರೂ ಊಟ ಮಾಡಿರಲಿಲ್ಲ. ಹಾಗಾಗಿ ಅವನ ಹೆಸರು ಮೇಲಿರುವುದು ಸಹಜ ಅಂದುಕೊಂಡೆ.

ನಾಮ್‌ಪೆನ್‌ನಿಂದ, ಆಗ ಇಂಟರ್‌ಪ್ರಿಟರ್ ಆಗಿದ್ದವರೊಬ್ಬರು, ಒಂದೇ ಸಾಲಿನ ಉತ್ತರ ಬರೆದರು: 'ಲೇ ಸೊಕ್ ಫಿಯೆಪ್ ಎಲ್ಲಿ?'

ನಕಾತಾ ಜೊತೆಗಿದ್ದ ಇಂಟರ್‌ಪ್ರಿಟರ್. ಅದೇ ದಾಳಿಯಲ್ಲಿ ಸತ್ತವನು. ಆ ಹೆಸರು ನನಗೆ ಗೊತ್ತಿಲ್ಲದ್ದಲ್ಲ, ಡೈರಿಯಲ್ಲೇ ಇತ್ತು. ಆದರೂ ಪಟ್ಟಿ ಬರೆಯುವಾಗ ಕೈಗೆ ಬರಲಿಲ್ಲ. 'ಸ್ವಯಂಸೇವಕರು' ಅಂದಾಗ ನನ್ನ ತಲೆಯಲ್ಲಿ ವಿಮಾನ ಹತ್ತಿ ಬಂದವರಷ್ಟೇ ಇದ್ದರು. ನಾವು ಬಾಯಿ ತೆರೆದರೆ ಅದು ಖ್ಮೇರ್ ಭಾಷೆಯಲ್ಲಿ ಹೊರಬರುತ್ತಿದ್ದದ್ದು ಇವರಿಂದ. 'ನಿಮ್ಮ ವೋಟು ಗುಟ್ಟು, ಯಾರಿಗೂ ತಿಳಿಯದು' ಎಂದು ಹಳ್ಳಿಹಳ್ಳಿಯಲ್ಲಿ ನಂಬಿಸಿದವರು ಇವರು, ನಾವಲ್ಲ. ನೋಂದಾಯಿಸಿದ ಸುಮಾರು 47 ಲಕ್ಷ ಜನರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ, ಖ್ಮೇರ್ ರೂಜ್ ಎಂಬ ಬಂಡುಕೋರರ ಬೆದರಿಕೆಯ ನಡುವೆಯೂ, ಮತಗಟ್ಟೆಗೆ ಬಂದರು. ಅಷ್ಟೆಲ್ಲ ಮಾಡಿದವರು ನಮ್ಮ ಹಾಗೆ ಒಪ್ಪಂದ ಮುಗಿಸಿ ಊರಿಗೆ ಹೊರಡುವಂತಿರಲಿಲ್ಲ. ಅದೇ ಅವರ ಊರು.

ಪಟ್ಟಿಯನ್ನು ಮೊದಲಿನಿಂದ ಶುರುಮಾಡಿದೆ. ಹೆಸರು ಹಿಡಿದು ಹುಡುಕಿದರೆ ಯಾರೂ ಸಿಗುವುದಿಲ್ಲ ಎಂದು ಬೇಗ ತಿಳಿಯಿತು. ಒಂದೇ ಖ್ಮೇರ್ ಹೆಸರನ್ನು ಇಂಗ್ಲಿಷಿನಲ್ಲಿ ನಾವು ನಾಲ್ಕು ಜನ ನಾಲ್ಕು ಥರ ಬರೆದಿಟ್ಟಿದ್ದೆವು. ಕೆಲಸಕ್ಕೆ ಬಂದದ್ದು ಫೋಟೊ. ಜೀಪಿನ ಮುಂದೆ ನಿಂತದ್ದು, ಮತಪೆಟ್ಟಿಗೆ ಹೊತ್ತದ್ದು, ಹೀಗೆ ಇದ್ದಬದ್ದ ಚಿತ್ರಗಳನ್ನೆಲ್ಲ ಮೊಬೈಲಿನಲ್ಲಿ ತೆಗೆದು ಆ ಇಂಟರ್‌ಪ್ರಿಟರ್‌ಗೆ ಕಳಿಸಿದೆ. ಅವರು ಫೇಸ್‌ಬುಕ್ಕಿಗೆ ಹಾಕಿದರು. 'ಇವರು ನಮ್ಮ ಅಪ್ಪ' ಎಂದು ಮಕ್ಕಳು ಬರೆಯತೊಡಗಿದರು. ಪ್ರತಿ ಹೆಸರನ್ನೂ ಮನೆಯವರಿಂದಲೇ ಖ್ಮೇರ್ ಲಿಪಿಯಲ್ಲಿ ಬರೆಸಿಕೊಂಡೆ. ಓದಲಿಕ್ಕೂ ಅಲ್ಲಿಯವರನ್ನೇ ಒಪ್ಪಿಸಿದೆ. ತಪ್ಪು ಉಚ್ಚಾರದಲ್ಲಿ ಒಬ್ಬರ ಅಪ್ಪನ ಹೆಸರು ಕೂಗುವುದು ಯಾವ ಗೌರವ?

ಜಗಳವೂ ಆಯಿತು. ನಕಾತಾ ಸತ್ತ ಮೇಲೆ ಕೆಲವು ಸ್ವಯಂಸೇವಕರು ಕೆಲಸ ಬಿಟ್ಟು ಹೊರಟುಹೋಗಿದ್ದರು. ಅವರನ್ನು ಕರೆಯಬೇಕೇ? 'ಓಡಿಹೋದವರಿಗೆ ಇಲ್ಲೇನು ಕೆಲಸ' ಎಂದ ಒಬ್ಬ, ಮೂವತ್ತು ವರ್ಷದ ಮೇಲೂ ಅದೇ ಸಿಟ್ಟು. ನಾನು ಕರೆದೆ. ಉಳಿದವರೆಲ್ಲ ಧೈರ್ಯಕ್ಕೇ ಉಳಿದೆವು ಎಂದು ನಾನಂತೂ ಹೇಳಲಾರೆ. ಹೊರಡುವ ಅರ್ಜಿ ನನ್ನ ಡೈರಿಯೊಳಗೆ ಈಗಲೂ ಮಡಚಿಕೊಂಡಿದೆ. ಅದನ್ನು ಕೊಡಬೇಕಾದ ದಿನ ಮಳೆಗೆ ರಸ್ತೆ ಕೊಚ್ಚಿಹೋಗಿತ್ತು.

ಏಪ್ರಿಲ್ 8ಕ್ಕೇ ಸೇರೋಣ ಅಂದುಕೊಂಡಿದ್ದೆವು. ಬೇಡ ಎಂದವರೂ ಅದೇ ಇಂಟರ್‌ಪ್ರಿಟರ್. ಸತ್ತವರನ್ನು ಕರೆಯಲು ನಮ್ಮಲ್ಲಿ ಬೇರೆಯೇ ಕಾಲವಿದೆ, ಪ್ಚುಮ್ ಬೆನ್, ಫೊತ್ರೊಬೊತ್ ತಿಂಗಳ ಕೃಷ್ಣಪಕ್ಷದ ಹದಿನೈದು ದಿನ, ಎಂದರು. ಲೆಕ್ಕ ಹಾಕಿ ನೋಡಿದರೆ ಫೊತ್ರೊಬೊತ್ ಎಂದರೆ ನಮ್ಮ ಭಾದ್ರಪದ. ನಮ್ಮ ಪಿತೃಪಕ್ಷ! 'ಬೆನ್' ಎಂಬುದು 'ಪಿಂಡ'ವೇ. ಅಮಾವಾಸ್ಯೆ ಹತ್ತಿರವಾದರೆ ಎಲ್ಲರೂ ಊರಿಗೆ ಹೋಗುತ್ತಾರೆ, ನಾಮ್‌ಪೆನ್ ಖಾಲಿ. ಹಾಗಾಗಿ ಪಕ್ಷದ ಮೊದಲ ದಿನಗಳನ್ನೇ ಹಿಡಿದೆವು. ಅದು 2023ರ ಅಕ್ಟೋಬರ್ ಮೊದಲ ವಾರ.

ಬೆಳಗಿನ ಜಾವ ನಾಲ್ಕಕ್ಕೆ ಬೌದ್ಧ ವಿಹಾರಕ್ಕೆ ಹೋದೆವು. ಭಾಷಣ ಇಟ್ಟುಕೊಂಡಿರಲಿಲ್ಲ, ಅದೊಂದು ಒಳ್ಳೆಯ ಕೆಲಸ ಮಾಡಿದೆ. ಮುಂಚೆ ಬರೆದು ಕೊಟ್ಟಿದ್ದ ಹೆಸರುಗಳನ್ನು ಭಿಕ್ಕುಗಳು ಒಂದೊಂದಾಗಿ ಓದಿದರು. ಫಿಯೆಪ್ ಮತ್ತು ನಕಾತಾ ಒಟ್ಟಿಗೇ ಬಂದರು. ಆಮೇಲೆ ಕತ್ತಲಲ್ಲಿ ವಿಹಾರವನ್ನು ಸುತ್ತುತ್ತ ಅನ್ನದ ಉಂಡೆ ಎಸೆಯಬೇಕು. ಸತ್ತವರು ಏಳು ವಿಹಾರ ಅಲೆದು ತಮ್ಮವರನ್ನು ಹುಡುಕುತ್ತಾರಂತೆ, ಯಾರೂ ಸಿಗದಿದ್ದರೆ ಶಪಿಸುತ್ತಾರಂತೆ. ಚುನಾವಣೆಗೆ ಮುಂಚೆ ಹೊರಟುಹೋಗಿದ್ದವನೊಬ್ಬ ಬಂದಿದ್ದ. ಯಾರೊಡನೆಯೂ ಮಾತಾಡದೆ ತಟ್ಟೆ ಖಾಲಿಯಾಗುವವರೆಗೂ ಎಸೆದ. 'ಓಡಿಹೋದವರು' ಎಂದಿದ್ದವನೇ ತನ್ನ ತಟ್ಟೆಯಿಂದ ಅರ್ಧ ಅವನಿಗೆ ಸುರಿದ.

ನನ್ನ ಇಂಟರ್‌ಪ್ರಿಟರ್ ಆಗಿದ್ದ ಹೆಣ್ಣುಮಗಳು ಈಗ ಅಜ್ಜಿ. ನನ್ನನ್ನು ಕಂಡವಳು ತುಂಬ ಹೊತ್ತು ಮುಖವನ್ನೇ ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು.

'ನಿಮ್ಮನ್ನು ಹೆಲಿಕಾಪ್ಟರಿಗೆ ಹಾಕಿದ್ದು ನೋಡಿದ್ದೆ. ಕಾಗದ ಬರಲಿಲ್ಲ. ಎರಡು ವರ್ಷ ನಿಮ್ಮ ಹೆಸರಿಗೂ ಉಂಡೆ ಎಸೆದೆ.'

'ಮೂರನೆಯ ವರ್ಷ?' ಎಂದು ಕೇಳಿದೆ.

'ಆ ವರ್ಷ ಅಕ್ಕಿ ತುಟ್ಟಿಯಾಗಿತ್ತು' ಎಂದಳು.