ಹುಣಸೆ ಬೀಜದಲ್ಲಿ ಸೋವಿಯತ್ ಯೋಜನೆ: ಪಿಯುಸಿ ತರಗತಿಗೊಂದು ಆಟ

ಮಲೆನಾಡಿನ ಮಕ್ಕಳಿಗೆ ಭತ್ತದ ಲೆಕ್ಕ ಗೊತ್ತು. ಸ್ಟಾಲಿನ್ ಕಾಲದ ಸಾಮೂಹಿಕ ಬೇಸಾಯದ ಪಾಠವನ್ನು ಅಲ್ಲಿಂದಲೇ ಶುರು ಮಾಡಿ. 150 ಹುಣಸೆ ಬೀಜ, ಚೀಟಿಗಳು, 11 ವಿದ್ಯಾರ್ಥಿಗಳು ಸಾಕು: 8 ರೈತರು, ಒಬ್ಬ ಕೋಲ್ಖೋಜ್ (ಸಾಮೂಹಿಕ ಬೇಸಾಯದ ಸಂಘ) ಅಧ್ಯಕ್ಷ, ಒಬ್ಬ ಜಿಲ್ಲಾ ಅಧಿಕಾರಿ, ಒಬ್ಬ ಮಾಸ್ಕೋದ ಯೋಜನಾ ಕಚೇರಿಯವ.

ಬೆಳೆ ನೋಡುವ ಮೊದಲೇ ಯೋಜನಾ ಕಚೇರಿಯವ ಬೋರ್ಡಿನ ಮೇಲೆ 64 ಎಂದು ಬರೆಯಲಿ; ಸರ್ಕಾರಕ್ಕೆ ಕೊಡಬೇಕಾದ ಗುರಿ ಅದು. ಆಮೇಲೆ ರೈತರು 10ರಿಂದ 18ರ ಚೀಟಿ ಎತ್ತಿ, ಅಷ್ಟು ಬೀಜ ಒಂದೇ ರಾಶಿಗೆ ಹಾಕಲಿ. ಮೊದಲು ಸರ್ಕಾರದ 64, ನಂತರ ಬಿತ್ತನೆಗೆ 24, ಉಳಿದದ್ದು ಊಟಕ್ಕೆ. ತಲೆಗೆ 5 ಬೇಕು. ರಾಶಿ 112 ಆದರೆ ಸಿಗುವುದು 3.

ಇಲ್ಲೇ ಆಟ ಕೆಡುವುದು. ಅಧಿಕಾರಿ ಪಾತ್ರದ ಹುಡುಗ ಮರುಗಿ ಗುರಿ ಇಳಿಸಿಬಿಡುತ್ತಾನೆ. ಗುರಿ ತಪ್ಪಿದರೆ ಅವನ ಕುರ್ಚಿ ಹೋಗುತ್ತದೆ ಎಂದು ಮೊದಲೇ ಹೇಳಿಡಿ. ಆಗ 112 ಇದ್ದದ್ದನ್ನು 130 ಎಂದು ವರದಿ ಬರೆಯುತ್ತಾನೆ, ಮುಂದಿನ ಗುರಿ ಆ 130ರ ಮೇಲೆ ನಿಲ್ಲುತ್ತದೆ.

ರೈತರಿಗೆಲ್ಲ ಮಡಚಿದ ಚೀಟಿ ಕೊಡಿ, ಒಂದರಲ್ಲಿ ಮಾತ್ರ ‘ಮಾಹಿತಿದಾರ’ ಎಂದಿರಲಿ. ಪಿಸುಮಾತು ತಾನಾಗಿ ನಿಲ್ಲುತ್ತದೆ. ಬೀಜ ಕದ್ದು ಸಿಕ್ಕವನು ಆಟದಿಂದ ಹೊರಗೆ. 1932ರ ಆಗಸ್ಟ್ ಕಾನೂನಿನಲ್ಲಿ ಅದಕ್ಕೆ ಗುಂಡೇಟು, ಇಲ್ಲವೇ ಕನಿಷ್ಠ 10 ವರ್ಷ ಸೆರೆ. ‘ಊರು ಬಿಟ್ಟು ಹೋದರಾಯ್ತಲ್ಲ ಸರ್’ ಅಂದರೆ, ಅದೇ ವರ್ಷದ ಡಿಸೆಂಬರಿನ ಆಂತರಿಕ ಪಾಸ್‌ಪೋರ್ಟ್ (ದೇಶದೊಳಗೇ ಊರು ಬದಲಿಸಿ ನೆಲೆಸಲು ಬೇಕಾದ ಗುರುತುಪತ್ರ) ವಿಷಯ ತೆಗೆಯಿರಿ: ಬಹುಪಾಲು ಹಳ್ಳಿಗರಿಗೆ ಅದು ಸಿಗಲಿಲ್ಲ. ಸೊರಬದವ ಶಿವಮೊಗ್ಗದಲ್ಲಿ ನೆಲೆಸಲು ಅಪ್ಪಣೆ ಬೇಕು ಅಂದ ಹಾಗೆ. 1932–33ರ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರು; ಅದನ್ನು ಆಟವಾಗಿಸದೆ ಬಾಯಲ್ಲೇ ಹೇಳಿ.

ಮೂರನೇ ಸುತ್ತಿಗೆ ತಲೆಗೆ 2 ಬೀಜ ಸ್ವಂತಕ್ಕೆ ಕೊಡಿ, 1935ರ ಕೋಲ್ಖೋಜ್ ನಿಯಮ ರೈತರ ಸ್ವಂತಕ್ಕೆ ಬಿಟ್ಟುಕೊಟ್ಟ ಹಿತ್ತಲಿನ ಹಾಗೆ. ಕೈಗಳು ಯಾವ ರಾಶಿ ಕಾಯುತ್ತವೆ, ನೋಡುತ್ತಿರಿ.